ಚನ್ನರಾಯಪಟ್ಟಣದಿಂದ ತಂದ ಪ್ರೀ-ಆಂಪ್

ನನ್ನ ಅಕ್ಕ ಸುಮತಿಗೆ ಹದಿಮೂರು ವರ್ಷವಾಗಿದ್ದಾಗ ಬಂದ ಒಂದು ಜ್ವರ ಮೂರು ವಾರ ಬಿಡಲಿಲ್ಲ. ಬಿಟ್ಟು ಹೋಗುವಾಗ ಅವಳ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮನೆಯಲ್ಲಿ ಇದು ಮೊದಲು ಗೊತ್ತಾದದ್ದು ನನಗೆ. ಆಗ ನನಗೆ ಒಂಬತ್ತು ವರ್ಷ. ಹೊಳೆನರಸೀಪುರದಲ್ಲಿ, ಹೊಳೆಗೆ ಇಳಿಯುವ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಬೀದಿಗೆ ಒಂದು ಜಗಲಿ, ಆಮೇಲೆ ನಡುಮನೆ, ಅದಕ್ಕೆ ಅಂಟಿಕೊಂಡು ಹಗಲಲ್ಲೂ ದೀಪ ಬೇಕಾಗುತ್ತಿದ್ದ ಒಂದು ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು. ಆ ಕೋಣೆಯಲ್ಲಿ ಅಕ್ಕ ಮಲಗಿದ್ದಳು. ಗಂಜಿ ಕೊಡಲು ಹೋದ ನಾನು ಹೊಸ್ತಿಲು ಎಡವಿ ಲೋಟ ಬೀಳಿಸಿದೆ. ಅಡುಗೆಮನೆಯಿಂದ ಅಮ್ಮ ಬೈದಳು, ಜಗಲಿಯಿಂದ ಅಪ್ಪ ಏನದು ಎಂದು ಕೂಗಿದರು. ಗೋಡೆಯ ಕಡೆ ಮುಖಮಾಡಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಅಕ್ಕ ಮಾತ್ರ ತಿರುಗಲಿಲ್ಲ. ನೆಲದ ಮೇಲೆ ಹರಿದ ಗಂಜಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ನಾನು ಅವಳ ಬೆನ್ನು ನೋಡುತ್ತಿದ್ದೆ. ಅಮ್ಮನಿಗೆ ಹೇಳಬೇಕು ಎಂದು ನನಗೆ ಅನ್ನಿಸಲಿಲ್ಲ, ಹೆದರಿಕೆಯಾಯಿತು ಅಷ್ಟೆ.

ಹಾಸನದ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ, ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಒಂದಿಷ್ಟು ಉಳಿದಿರಬಹುದು, ದಪ್ಪ ಶಬ್ದಗಳು ಕೇಳಿದರೂ ಕೇಳಬಹುದು ಎಂದರು. ಅಪ್ಪ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆ 'ಒಂದಿಷ್ಟು' ಎಂಬ ಮಾತನ್ನು ಅವರು ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದರು, ಮನೆಗೆ ಬಂದ ಮೇಲೂ ಅದನ್ನು ಕೆಳಗಿಡಲಿಲ್ಲ. ಅಮ್ಮ ಹಿಡಿದುಕೊಂಡದ್ದು ಉಳಿದ ಮಾತನ್ನು. ನಮ್ಮ ಮನೆ ಎರಡಾದದ್ದು ಅಲ್ಲಿಂದ.

ಜ್ವರಕ್ಕೆ ಮುಂಚೆ ಅಕ್ಕ ಹಾಡುತ್ತಿದ್ದಳು. ಪಕ್ಕದ ಬೀದಿಯ ಸಂಗೀತದ ಮೇಷ್ಟ್ರ ಹತ್ತಿರ ಮೂರು ವರ್ಷ ಪಾಠವಾಗಿತ್ತು. ಬೆಳಗ್ಗೆ ಅಮ್ಮ ದೋಸೆ ಹುಯ್ಯುವಾಗ ಅವಳು ಅಡುಗೆಮನೆ ಬಾಗಿಲಲ್ಲಿ ಕೂತು ಸರಳೆ ಹೇಳಬೇಕು, ಅದು ಮುಗಿಯದೆ ನನಗೆ ದೋಸೆ ಇಲ್ಲ. ಹಾಗಾಗಿ ನನಗೆ ಅವಳ ಸಂಗೀತ ಎಂದರೆ ಹಸಿವು. ಜ್ವರ ಬಿಟ್ಟ ಮೇಲೆ ಒಂದು ಬೆಳಗ್ಗೆ ಅವಳು ತಾನಾಗಿಯೇ ಬಂದು ಅದೇ ಜಾಗದಲ್ಲಿ ಕೂತು ಶುರುಮಾಡಿದಳು. ದನಿ ಹಳೆಯದೇ, ಆದರೆ ಸ್ವರ ಎಲ್ಲೆಲ್ಲೋ ಹೋಗುತ್ತಿತ್ತು. ಅವಳಿಗೆ ಅದು ಗೊತ್ತಿಲ್ಲ, ಮುಖದಲ್ಲಿ ನಗುವಿತ್ತು. ಅಮ್ಮ ಕಾವಲಿಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಆಮೇಲೆ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಕೆನ್ನೆ ಹಿಡಿದು ತಲೆ ಅಲ್ಲಾಡಿಸಿದಳು. ಸಾಕು ಎನ್ನುವ ಹಾಗೆ. ಅಕ್ಕ ನಿಲ್ಲಿಸಿದಳು. ಬಚ್ಚಲಿನಿಂದ ಮೈ ಒರೆಸಿಕೊಳ್ಳುತ್ತಾ ಬಂದ ಅಪ್ಪ ಇದನ್ನು ನೋಡಿದರು.

"ನಿನಗೆ ಯಾರು ಹೇಳಿದ್ದು ನಿಲ್ಲಿಸು ಅಂತ?"

"ನನ್ನ ಕೈಲಿ ಕೇಳಕ್ಕೆ ಆಗಲ್ಲ."

"ನಿನ್ನ ಕೈಲಿ ಆಗಲ್ಲ ಅಂತ ಅವಳ ಬಾಯಿ ಮುಚ್ಚಿಸ್ತೀಯಾ?"

ಆ ದಿನ ದೋಸೆ ಹಾಗೆಯೇ ಉಳಿಯಿತು. ಅಮ್ಮ ಅಕ್ಕನ ಜೊತೆ ಬಳಪದಲ್ಲಿ ಅಡುಗೆಮನೆಯ ನೆಲದ ಮೇಲೆ ಬರೆದು ಮಾತಾಡುವುದನ್ನು ಶುರುಮಾಡಿದಳು. ಏನು ಬೇಕು, ಹುಳಿಗೆ ಉಪ್ಪು ಸಾಕಾ, ತಲೆನೋವು ಇದೆಯಾ, ಇಂಥವು. ಅಪ್ಪ ಸ್ಕೂಲಿಂದ ಬರುವ ಹೊತ್ತಿಗೆ ಒದ್ದೆ ಬಟ್ಟೆಯಲ್ಲಿ ಅದನ್ನೆಲ್ಲ ಒರೆಸಿಬಿಡುತ್ತಿದ್ದಳು. ಬರೆಯುವುದು ಅಭ್ಯಾಸವಾದರೆ ಕಿವಿ ಪ್ರಯತ್ನ ಬಿಟ್ಟುಬಿಡುತ್ತದೆ ಎಂಬುದು ಅಪ್ಪನ ವಾದ. ಅವರು ಅಕ್ಕನ ಎಡಗಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ, ನಿಧಾನವಾಗಿ ಮಾತಾಡುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು.

ಅಪ್ಪನಿಗೆ ಮೊದಲಿಂದ ರೇಡಿಯೋ, ತಂತಿ, ಬೆಸುಗೆಯ ಹುಚ್ಚು. ನಡುಮನೆಯ ಮೂಲೆಯಲ್ಲಿ ಒಂದು ಹಳೆಯ ರೆಕಾರ್ಡ್ ಪ್ಲೇಯರ್, ಅವರೇ ಜೋಡಿಸಿದ ಒಂದು ಆಂಪ್ಲಿಫೈಯರ್, ಬಡಗಿಯ ಹತ್ತಿರ ಮಾಡಿಸಿದ ಎರಡು ಸ್ಪೀಕರ್ ಪೆಟ್ಟಿಗೆ ಇದ್ದವು. ಹಾಕಿದರೆ ಹಾಡಿಗಿಂತ ಮುಂಚೆ 'ಗುಂಯ್' ಎನ್ನುವ ಶಬ್ದ. ಅಕ್ಕನ ಕಿವಿಗೆ ದಪ್ಪ ಶಬ್ದವನ್ನು ಬೇರೆ ಮಾಡಿ, ಎಡಕ್ಕೆ ಮಾತ್ರ, ಚೊಕ್ಕಟವಾಗಿ ಕೊಡಬೇಕಾದರೆ ಒಳ್ಳೆಯ ಪ್ರೀ-ಆಂಪ್ ಬೇಕು ಎಂದು ಅವರು ಲೆಕ್ಕ ಹಾಕಿದರು. ನಾನು ಅದೇನು ಎಂದು ಕೇಳಿದೆ.

"ಮುಳ್ಳು ರೆಕಾರ್ಡನ್ನ ಮುಟ್ಟಿದಾಗ ಬರೋದು ಪಿಸುಮಾತು ಕಣೇ. ಅದನ್ನ ಮಾತು ಮಾಡೋ ಡಬ್ಬಿ ಅದು. ಮಾತಾದ ಮೇಲೆ ಕೂಗಿಸೋದಕ್ಕೆ ಇನ್ನೊಂದು ಡಬ್ಬಿ."

ಹೊಸದು ನಮ್ಮಂಥವರು ಕೊಳ್ಳುವ ವಸ್ತುವಲ್ಲ. ಹಾಸನದಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರು, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರದ ಚಿಕ್ಕೇಗೌಡರ ಮನೆಯಲ್ಲಿ ಹಳೆಯದೊಂದಿದೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ ನಾಬ್ ಇರುವಂಥದ್ದು, ಕೊಡುವ ಮನಸ್ಸಿದೆಯಂತೆ ಎಂದು ತಿಳಿಸಿದರು. ಒಂದು ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟರು. ಅಕ್ಕ ಉದ್ದ ಲಂಗ ಉಟ್ಟು, ಎರಡು ಜಡೆ ಹಾಕಿಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಅಪ್ಪ ಅವಳ ಎಡಗಡೆಯೇ ಕೂತಿದ್ದರು.

ಗೌಡರು ಎತ್ತರದ, ಹೊಟ್ಟೆಯಿದ್ದ, ಬಿಳಿ ಬನಿಯನ್ನಿನ ಮನುಷ್ಯ. ಅಂಗಳದಲ್ಲಿ ಕಾಯಿ ಸುಲಿಸುತ್ತಿದ್ದವರು ಕೈ ತೊಳೆದುಕೊಂಡು ಬಂದರು.

"ಬನ್ನಿ ಮೇಷ್ಟ್ರೇ, ಒಳೀಕ್ ಬನ್ನಿ. ಆಸನದೋರು ಯೋಳಿದ್ರು ನೀವು ಬತ್ತೀರಾ ಅಂತ. ನನ್ ಮಗ ಒಸ ಸೆಟ್ ತಂದವ್ನೆ, ಎಲ್ಲಾ ಒಂದೇ ಡಬ್ಬೀಲಿ ಬತ್ತದಂತೆ. ಇದು ಸುಮ್ಕೆ ಕುಂತದೆ. ಕೇಳೋರ್ ಮನೆಗೋದ್ರೆ ಸಾಕು ಅಂತ ನಂಗೆ."

ಕಪ್ಪು ತಗಡಿನ ಡಬ್ಬಿ, ಮುಂದೆ ಬೆಳ್ಳಿ ಬಣ್ಣದ ಪಟ್ಟಿ, ಅದರಲ್ಲಿ ಸಾಲಾಗಿ ನಾಬ್‌ಗಳು. ಅಪ್ಪ ಒಂದೊಂದನ್ನೂ ತಿರುಗಿಸಿ, ಕರಕರ ಎನ್ನುತ್ತದೆಯೇ ಎಂದು ಕಿವಿಯಿಟ್ಟು ನೋಡಿದರು. ಮುಚ್ಚಳ ಬಿಚ್ಚಿ ಬೆಸುಗೆಯನ್ನೆಲ್ಲ ಪರೀಕ್ಷಿಸಿದರು. ಹಿಂದೆ ತಂತಿ ಸಿಕ್ಕಿಸುವ ಒಂದು ಜಾಗ ಸಡಿಲವಾಗಿತ್ತು. ಅದನ್ನು ನಾನು ಸರಿಮಾಡಿಕೊಳ್ಳುತ್ತೇನೆ ಎಂದರು. ಬೆಲೆಯ ಮಾತು ಬೇಗ ಮುಗಿಯಿತು. ಆದರೆ ಗೌಡರು ಹಾಡಿಸಿ ತೋರಿಸದೆ ಕಳಿಸುವುದಿಲ್ಲ ಎಂದು ಪಟ್ಟು ಹಿಡಿದರು. ಯಾಕೆ ಬೇಕು ಎಂದು ಕೇಳಿದರು, ಅಪ್ಪ ಹೇಳಿದರು. ಗೌಡರು ತಾವೇ ಅಕ್ಕನ ತೋಳು ಹಿಡಿದು ಎಡಗಡೆಯ ಸ್ಪೀಕರಿನ ಮುಂದೆ ಮಣೆ ಹಾಕಿ ಕೂರಿಸಿದರು. ಅಪ್ಪ ಎದುರಿಗೆ ನಿಂತು ನಾಬ್ ತಿರುಗಿಸಿದರು. ಮೃದಂಗದ ಪೆಟ್ಟು ನನ್ನ ಎದೆಗೇ ಬಡಿಯಿತು. ಅಪ್ಪನ ಹುಬ್ಬು ಮೇಲೇರಿತು. ಅಕ್ಕ ಅವರನ್ನೇ ನೋಡುತ್ತಿದ್ದವಳು ಮೆಲ್ಲಗೆ ತಲೆಯಾಡಿಸಿದಳು.

"ಕೇಳಿಸ್ತಾ? ಕೇಳಿಸ್ತಾ ಮಗೂ?"

ಅಕ್ಕ ಮತ್ತೆ ತಲೆಯಾಡಿಸಿದಳು. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಗೌಡರು ಏನೂ ಮಾತಾಡದೆ ಒಳಗೆ ಹೋಗಿ, ಅವರ ಮನೆಯವರ ಕೈಲಿ ನಮಗೆಲ್ಲ ಉಪ್ಪಿಟ್ಟು, ಎಳನೀರು ಕೊಡಿಸಿದರು. ಹೊರಗೆ ಎಲ್ಲೂ ತಿನ್ನದ ಅಪ್ಪ ಅವತ್ತು ಎರಡು ಸಲ ಹಾಕಿಸಿಕೊಂಡು ತಿಂದರು. ಅಮ್ಮನಿಗೆ ಹೇಳಬೇಡ ಎಂದು ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಪ್ರೀ-ಆಂಪ್ ಅವರ ತೊಡೆಯ ಮೇಲಿತ್ತು. ಅಷ್ಟು ಸಂತೋಷವಾಗಿದ್ದ ಅಪ್ಪನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಅಂದಿನಿಂದ ನಮ್ಮ ಮನೆಯ ಸಾಯಂಕಾಲಗಳು ಬದಲಾದವು. ಅಪ್ಪ ಸ್ಕೂಲಿಂದ ಬಂದು, ಕೈಕಾಲು ತೊಳೆದು, ಕಾಫಿ ಕುಡಿದು, ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದರು. ಅಕ್ಕ ಎಡಗಿವಿಯನ್ನು ಸ್ಪೀಕರಿನ ಕಡೆ ಮಾಡಿ ಕೂರಬೇಕು, ಅಪ್ಪ ಎದುರಿಗೆ. ಒಂದು ರೆಕಾರ್ಡ್, ಒಂದು ಗಂಟೆ. ಅವರು ತೊಡೆಯ ಮೇಲೆ ತಾಳ ಹಾಕುತ್ತಾ, ಇದು ಪಲ್ಲವಿ, ಈಗ ಮೇಲೆ ಹೋಗುತ್ತೆ ನೋಡು ಎಂದು ಬಾಯಿ ದೊಡ್ಡದಾಗಿ ತೆರೆದು ಹೇಳುತ್ತಿದ್ದರು. ಅಕ್ಕನೂ ತಾಳ ಹಾಕುತ್ತಿದ್ದಳು. ತಪ್ಪುತ್ತಿರಲಿಲ್ಲ. ಅಮ್ಮ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ಜಾಗವೆಂದರೆ ಜಗಲಿ. ಶಾಲೆಯ ಓಟದಲ್ಲಿ ಮೊದಲು ಬಂದು ಸ್ಟೀಲಿನ ತಟ್ಟೆ ಬಹುಮಾನ ತಂದಿದ್ದೆ. ಬಾಗಿಲಲ್ಲಿ ನಿಂತು ತೋರಿಸಿದರೆ ಅಪ್ಪ ನಾಬಿನ ಮೇಲಿಂದ ಕಣ್ಣು ತೆಗೆಯದೆ "ಅಲ್ಲಿಡು" ಎಂದರು. ಅಲ್ಲಿಟ್ಟೆ. ಮಾರನೆಯ ದಿನ ಅಮ್ಮ ಅದರಲ್ಲಿ ಹುಣಸೆಹಣ್ಣು ನೆನೆಹಾಕಿದ್ದಳು.

ಒಂದು ಸಾಯಂಕಾಲ ಅಪ್ಪ ರೆಕಾರ್ಡ್ ಹಾಕಿ, ಮುಳ್ಳು ಇಟ್ಟ ಕೂಡಲೇ ಯಾರೋ ಪೋಷಕರು ಬಂದರೆಂದು ಜಗಲಿಗೆ ಹೋದರು. ಶಬ್ದ ಬರಲಿಲ್ಲ. ಹಿಂದಿನ ಆ ಸಡಿಲ ತಂತಿ ಕಳಚಿಕೊಂಡಿತ್ತು. ಅಕ್ಕ ತಿರುಗುತ್ತಿದ್ದ ರೆಕಾರ್ಡನ್ನು ನೋಡುತ್ತಾ ತಾಳ ಹಾಕುತ್ತಿದ್ದಳು. ಮುಖದಲ್ಲಿ ಕೇಳುತ್ತಿರುವವರ ಮುಖವೇ. ನಾನು ಹೋಗಿ ತಂತಿ ಸಿಕ್ಕಿಸಿದೆ, ಹಾಡು ಬಂತು, ಅವಳ ಕೈಯಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಅದು ನನಗೊಂದು ಆಟವಾಯಿತು. ಅಪ್ಪ ಎದ್ದುಹೋದಾಗಲೆಲ್ಲ ಶಬ್ದ ಪೂರ್ತಿ ಇಳಿಸಿ ನೋಡುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಸಲ ಅಕ್ಕ ಇದ್ದಕ್ಕಿದ್ದಂತೆ ತಿರುಗಿದಳು. ನನ್ನ ಕೈ ನಾಬಿನ ಮೇಲಿತ್ತು. ಅವಳು ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿ, ಆ ನಾಬನ್ನು ಅಪ್ಪ ಇಡುತ್ತಿದ್ದ ಜಾಗಕ್ಕೇ ಸರಿಯಾಗಿ ತಿರುಗಿಸಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ನನ್ನನ್ನು ಒಂದು ಸಲ ನೋಡಿ ಮತ್ತೆ ತಾಳಕ್ಕೆ ಕೂತಳು. ಆ ನೋಟದಲ್ಲಿ ಯಾರಿಗೂ ಹೇಳಬೇಡ ಎಂದು ಕೇಳಿಕೊಳ್ಳುವುದಿತ್ತು. ಅದು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಇವತ್ತು ಬರೆದರೆ ಸುಳ್ಳಾಗುತ್ತದೆ.

ಒಂದು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಚಿಕ್ಕೇಗೌಡರು ಬಂದರು. ನಮ್ಮೂರಿನಲ್ಲಿ ನೆಂಟರ ಮದುವೆಗೆ ಬಂದವರು, ಮನೆಯಲ್ಲಿ ಸಿಕ್ಕ ಎರಡು ರೆಕಾರ್ಡ್ ಹಿಡಿದುಕೊಂಡು, ಡಬ್ಬಿ ಹೇಗೆ ಹಾಡುತ್ತದೋ ನೋಡಿಹೋಗೋಣ ಎಂದು ಬಂದಿದ್ದರು. ಅಪ್ಪನ ಸಡಗರ ಹೇಳತೀರದು. ಅಮ್ಮನಿಗೆ ಕಾಫಿ ಎಂದರು, ಅಕ್ಕನನ್ನು ಕೂರಿಸಿದರು. ಚಾಪೆಯ ತುದಿಯಲ್ಲಿ ಕೂತು ಹೊಸ ರೆಕಾರ್ಡನ್ನು ಕವರಿನಿಂದ ತೆಗೆದು ನೋಡುತ್ತಿದ್ದ ನನ್ನ ಕೈಯಿಂದ ಅದನ್ನು ಕಿತ್ತುಕೊಂಡರು.

"ಏಳೇ ಅಲ್ಲಿಂದ. ಗೌಡ್ರು ಕೂತ್ಕೋಬೇಕು. ಸಂಗೀತದ ಗಂಧ ಇಲ್ಲ ನಿನಗೆ, ಗೀರು ಮಾಡಿಟ್ಟೀಯಾ."

ನಾನು ಎದ್ದು ಗೋಡೆಗೆ ಒರಗಿ ನಿಂತೆ. ಹಾಡು ಶುರುವಾಯಿತು. ಅಪ್ಪ ತಾಳ ಹಾಕಿದರು, ಅಕ್ಕ ಹಾಕಿದಳು, ಗೌಡರೂ ಮೊಣಕಾಲಿನ ಮೇಲೆ ಬೆರಳಾಡಿಸಿದರು.

"ನೋಡಿದ್ರಾ ಗೌಡ್ರೇ? ಒಂದು ಪೆಟ್ಟು ತಪ್ಪಲ್ಲ. ಈ ಸಲ ಸ್ಕೂಲ್ ಡೇನಲ್ಲಿ ಇವಳದೊಂದು ಹಾಡು ಇಡ್ಸಿದೀನಿ. ಹೆಡ್‌ಮಾಸ್ಟರಿಗೆ ಹೇಳೂ ಆಯ್ತು."

ಅಡುಗೆಮನೆ ಬಾಗಿಲಿಗೆ ಕಾಫಿ ತಂದಿದ್ದ ಅಮ್ಮ ಅಲ್ಲೇ ನಿಂತಳು. ಅಕ್ಕ ವೇದಿಕೆಯ ಮೇಲೆ ನಿಂತು ನಗೆಪಾಟಲಾಗುವುದನ್ನು ತಪ್ಪಿಸಬೇಕೆಂದೇ ನಾನು ಬಾಯಿಬಿಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ನನಗೆ ಆಗ ಇದ್ದದ್ದು ಹೊಟ್ಟೆಕಿಚ್ಚು ಮಾತ್ರ.

"ಅವಳಿಗೇನೂ ಕೇಳಿಸಲ್ಲ" ಎಂದೆ. "ಸುಮ್ನೆ ಮಾಡ್ತಾಳೆ. ಬೇಕಾದ್ರೆ ನೋಡಿ."

ಯಾರಾದರೂ ಏಳುವ ಮೊದಲೇ ಹೋಗಿ ಶಬ್ದದ ನಾಬನ್ನು ಕೊನೆಯವರೆಗೂ ಇಳಿಸಿದೆ. ಹಾಡು ನಿಂತಿತು. ಅಪ್ಪನ ಕೈ ನಿಂತಿತು, ಗೌಡರ ಬೆರಳು ನಿಂತಿತು. ಅಕ್ಕನ ಕೈ ನಿಲ್ಲಲಿಲ್ಲ. ಅವಳು ಆ ಕ್ಷಣಕ್ಕೆ ಕಣ್ಣು ಮುಚ್ಚಿಕೊಂಡಿದ್ದಳು. ಇಡೀ ನಡುಮನೆಯಲ್ಲಿ ಅವಳ ಅಂಗೈ ತೊಡೆಗೆ ಬಡಿಯುವ ಶಬ್ದ ಒಂದೇ. ಮೂರು, ನಾಲ್ಕು ಪೆಟ್ಟು. ಆಮೇಲೆ ಕಣ್ಣು ಬಿಟ್ಟು ಅಪ್ಪನ ಮುಖ ನೋಡಿದಳು. ನನ್ನನ್ನು ನೋಡಿದಳು. ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಮೊದಲು ಬಾಯಿಬಿಟ್ಟವರು ಗೌಡರು.

"ಬುಡಿ ಮೇಷ್ಟ್ರೇ. ನಂಗೆ ನಮ್ಮನೇಲೇ ಗೊತ್ತಾಗಿತ್ತು. ಆ ಮಗು ಡಬ್ಬಿ ಕಡೀಕ್ ನೋಡ್ನೇ ಇಲ್ಲ, ನಿಮ್ ಮಕಾನೇ ನೋಡ್ತಿತ್ತು."

"ಅವತ್ತೇ ಹೇಳಬಾರದಾಗಿತ್ತಾ ಗೌಡ್ರೇ?"

"ಯೆಂಗ್ ಯೋಳನ? ನೀವು ಕನ್ನಡ್ಕ ಒರುಸ್ಕೊಂಡ್ರಿ. ನಂಗೆ ಬಾಯೇ ಬರ್ನಿಲ್ಲ."

ಡಬ್ಬಿಯನ್ನು ವಾಪಸು ತೆಗೆದುಕೊಂಡು ಹೋಗುತ್ತೇನೆ ಎಂದು ಗೌಡರೇ ಹೇಳಿದರು. ಅಪ್ಪ ಬೇಡವೆಂದು ಕೈಯಾಡಿಸಿದರು. ಗೌಡರು ಕಾಫಿ ಕುಡಿಯದೆ ಹೋದರು. ಆಮೇಲೆ ಅಪ್ಪ ಅಡುಗೆಮನೆಗೆ ಹೋಗಿ, ಅಮ್ಮ ಬಳಪ ಬಚ್ಚಿಡುತ್ತಿದ್ದ ಸಾಸಿವೆ ಡಬ್ಬದ ಹಿಂದಿನಿಂದ ಅದನ್ನು ತೆಗೆದುಕೊಂಡು ಬಂದರು. ಅದು ಎಲ್ಲಿದೆ ಎಂದು ಅವರಿಗೆ ಮೊದಲಿಂದಲೂ ಗೊತ್ತಿತ್ತು ಎಂದಾಯಿತು. ಅಕ್ಕನ ಮುಂದೆ ಕೂತು, ನಡುಮನೆಯ ಕೆಂಪು ನೆಲದ ಮೇಲೆ, ಕಪ್ಪುಹಲಗೆಯ ಮೇಲೆ ಬರೆಯುವ ಹಾಗೆ ದುಂಡಗೆ ಬರೆದರು: ಯಾವಾಗಿನಿಂದ?

ಅಕ್ಕ ಬಳಪ ತೆಗೆದುಕೊಂಡು ಕೆಳಗೆ ಬರೆದಳು: ಮೊದಲಿಂದ.

ಅಪ್ಪ ಅದನ್ನು ಬಹಳ ಹೊತ್ತು ಓದಿದರು. ಎರಡನೇ ಪದವೇ ಇಲ್ಲದ ಆ ಸಾಲನ್ನು ಅಷ್ಟು ಹೊತ್ತು ಹೇಗೆ ಓದಿದರೋ. ನನಗೆ ಹೊಡೆಯುತ್ತಾರೆಂದು ಕಾದೆ, ಹೊಡೆಯಲಿಲ್ಲ. ಆ ರಾತ್ರಿಯೂ ಇಲ್ಲ, ಮಾರನೆಯ ದಿನವೂ ಇಲ್ಲ. ಅಮ್ಮ ಬಡಿಸಿದ್ದನ್ನು ತಿಂದು ಎದ್ದರು. ಆ ವಾರದಲ್ಲೇ ಪ್ಲೇಯರ್, ಆಂಪ್ಲಿಫೈಯರ್, ಪೆಟ್ಟಿಗೆಗಳು, ಚನ್ನರಾಯಪಟ್ಟಣದ ಡಬ್ಬಿ, ಎಲ್ಲವನ್ನೂ ಎತ್ತಿನ ಗಾಡಿಯಲ್ಲಿ ಶಾಲೆಗೆ ಸಾಗಿಸಿ ಕೊಟ್ಟುಬಿಟ್ಟರು. ನಡುಮನೆಯ ಮೂಲೆಯಲ್ಲಿ ಅಮ್ಮ ಅಕ್ಕಿ ಡ್ರಮ್ಮು ಇಟ್ಟಳು. ಅಮ್ಮ ಗೆದ್ದಳೆಂದು ನಾನು ಅಂದುಕೊಂಡಿದ್ದೆ. ಆದರೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಅವಳು ಅಳುತ್ತಿದ್ದದ್ದನ್ನು ಕಂಡೆ. ಹೋಗಿ ಪಕ್ಕದಲ್ಲಿ ನಿಂತರೆ, ನನ್ನನ್ನು ನೋಡದೆಯೇ ಹೇಳಿದಳು.

"ನನಗೂ ಗೊತ್ತಿತ್ತು ಕಣೇ. ನಾನು ಬಾಯಿ ಮುಚ್ಕೊಂಡಿರ್ಲಿಲ್ವಾ?"

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳಿದವಳು ನಾನೊಬ್ಬಳು. ಅದಾದ ಮೇಲೆ ನಾನು ಮಾತು ಕಡಿಮೆ ಮಾಡಿದೆ. ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಬಂದದ್ದು ಅಲ್ಲೇ ನಿಲ್ಲುತ್ತಿತ್ತು. ದೊಡ್ಡವಳಾಗಿ ಹಾಸನದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಕಿಟಕಿಯಾಚೆ ರಿಪೋರ್ಟಿಗೆ ಕಾಯುವವರ ಮುಖ ನೋಡುವಾಗ, ಕಾಗದವನ್ನು ಮಡಿಸಿ ಕವರಿನೊಳಗಿಟ್ಟು, ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳುತ್ತಾ ಬಂದಿದ್ದೇನೆ. ಒಳಗೆ ಏನಿದೆ ಎಂದು ನನ್ನ ಬಾಯಿಂದ ಕೇಳಿದವರು ಯಾರೂ ಇಲ್ಲ. ಜೊತೆಯವರು ನನ್ನನ್ನು ಗಂಭೀರ ಸ್ವಭಾವದವಳು ಎನ್ನುತ್ತಾರೆ.

ಅಕ್ಕ ಹೊಲಿಗೆ ಕಲಿತಳು. ಮದುವೆಯಾಗಿ ಅರಕಲಗೂಡಿಗೆ ಹೋದಳು. ಭಾವ ಒಳ್ಳೆಯವರು. ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಸಣ್ಣ ಅಂಗಡಿ ಇದೆ, ರವಿಕೆ ಹೊಲಿಸುವವರು ದೂರದಿಂದ ಬರುತ್ತಾರೆ. ಬಾಯಿ ನೋಡಿಯೇ ಎಲ್ಲರ ಮಾತನ್ನೂ ತಿಳಿದುಕೊಳ್ಳುತ್ತಾಳೆ. ಅಪ್ಪ ಬದುಕಿದ್ದಷ್ಟು ದಿನವೂ ಅವಳ ಜೊತೆ ಬರೆದೇ ಮಾತಾಡಿದರು, ಅದೂ ಬೇಕಾದಷ್ಟು ಮಾತ್ರ. ಆ ಸಂಜೆಯ ವಿಷಯವನ್ನು ನಾವು ಅಕ್ಕತಂಗಿ ಎಂದೂ ಎತ್ತಿರಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ಹೋದ ವರ್ಷ, ಅವಳ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅವಳ ಕೈ ಮುಟ್ಟಿ ಈ ಕಡೆ ತಿರುಗಿಸಿಕೊಂಡು ಕೇಳಿದೆ.

"ಅವತ್ತು ನಾನು ಹೇಳಿದ್ದು ತಪ್ಪಾ ಅಕ್ಕಾ?"

ಯಾವತ್ತು ಎಂದು ಅವಳು ಕೇಳಲಿಲ್ಲ. ಕತ್ತರಿ ಕೆಳಗಿಟ್ಟಳು. ಅವಳ ದನಿ ಈಗ ಏರಿಳಿತವಿಲ್ಲದ, ಸ್ವಲ್ಪ ಗಟ್ಟಿಯಾದ ದನಿ. ಸಿಟ್ಟೋ ಪ್ರೀತಿಯೋ ಅದರಲ್ಲಿ ತಿಳಿಯುವುದಿಲ್ಲ, ಮುಖ ನೋಡಬೇಕು.

"ತಪ್ಪಲ್ಲ. ಯಾರಾದ್ರೂ ಹೇಳ್ಲೇಬೇಕಿತ್ತು. ಆ ಸ್ಕೂಲ್ ಡೇಗೆ ನಾನೇ ಹೆದರಿ ಸಾಯ್ತಿದ್ದೆ" ಎಂದಳು. ಬಟ್ಟೆಯ ಮೇಲಿದ್ದ ನೂಲಿನ ತುಣುಕೊಂದನ್ನು ತೆಗೆದು ಹಾಕಿದಳು. "ಆದ್ರೆ ಇನ್ನೊಂದಷ್ಟು ದಿನ ಬಿಟ್ಟು ಹೇಳಿದ್ರೆ ಆಗ್ತಿತ್ತು. ದಿನಾ ಸಾಯಂಕಾಲ ಒಂದು ಗಂಟೆ ಅಪ್ಪ ನನ್ನ ಎದುರಿಗೆ ಕೂತ್ಕೋತಿದ್ರು ಕಣೇ. ಆಮೇಲೆ ಯಾವತ್ತೂ ಕೂರ್ಲಿಲ್ಲ."

ಅವಳು ಮತ್ತೆ ಮೆಷಿನ್ ತುಳಿಯತೊಡಗಿದಳು. ಹಾಸನದ ಬಸ್ಸು ಒಂದು ಹೋಯಿತು, ಇನ್ನೊಂದೂ ಹೋಯಿತು. ನಾನು ಅವಳ ಮುಂದಿನ ಸ್ಟೂಲಿನ ಮೇಲೆ, ಅವಳು ಅಂಗಡಿ ಮುಚ್ಚುವವರೆಗೂ ಕೂತೇ ಇದ್ದೆ.